ಮೈಯ ಬಣ್ಣ ಎಲ್ಲಿಂದ ಬಂತು?

ದೀಪಾವಳಿಗೆ ಊರಿಗೆ ಹೋಗಿ ಬಂದವರು ನಮ್ಮ ವಾಚನಾಲಯದಲ್ಲಿ ಕುಳಿತು ಹೇಳುವ ಸುದ್ದಿಗಳಲ್ಲಿ ಒಂದು ಮಾತು ವರ್ಷವರ್ಷವೂ ತಪ್ಪುವುದಿಲ್ಲ. "ಮದರಾಸಿಗೆ ಹೋಗಿ ಎಷ್ಟು ಕಪ್ಪಾಗಿದ್ದೀಯೋ!" ಎಂದು ತಾಯಿ ಅಂದಳಂತೆ, ಅತ್ತಿಗೆ ಬಾಯಿಗೆ ಸೆರಗು ಹಿಡಿದು ನಕ್ಕಳಂತೆ. ಹೇಳುವವರು ನಗುತ್ತಲೇ ಹೇಳುತ್ತಾರೆ, ಕೇಳುವ ನಾವೂ ನಗುತ್ತೇವೆ. ಆದರೆ ಈ ಸಲ ನಗಲಾಗದ ಒಂದು ಸಂಗತಿ ಒದಗಿತು.

ಹೋಟೆಲಿನಲ್ಲಿ ಸಪ್ಲೈಯರ್ ಆಗಿರುವ, ಕುಂದಾಪುರದ ಕಡೆಯ ಯುವಕರೊಬ್ಬರು ಒಂದು ಸಂಜೆ ಜೇಬಿನಿಂದ ಮುಲಾಮಿನ ಟ್ಯೂಬೊಂದನ್ನು ತೆಗೆದು ಮೇಜಿನ ಮೇಲಿಟ್ಟರು. "ಸಾರ್, ಇದರಲ್ಲಿ ಎಂತ ಬರೆದದ್ದು, ಸ್ವಲ್ಪ ಓದಿ ಹೇಳಿ" ಎಂದರು. ವಿಚಾರಿಸಲಾಗಿ ತಿಳಿದುದು ಇಷ್ಟು. ಊರಿನಲ್ಲಿ ಅವರ ತಂಗಿಗೆ ಬಂದ ಎರಡು ಸಂಬಂಧಗಳು ಬಣ್ಣದ ಮಾತಿನಿಂದ ತಪ್ಪಿಹೋಗಿದ್ದವು. ಅಣ್ಣನಾದವರು ಇಲ್ಲಿಯ ಒಂದು ಔಷಧದ ಅಂಗಡಿಯಲ್ಲಿ ಕೇಳಿ, ತಿಂಗಳಿಗೊಂದು ಟ್ಯೂಬನ್ನು ತಂಗಿಗೆ ಕಳುಹಿಸುತ್ತಿದ್ದರು. ಮೊದಲ ತಿಂಗಳು ಮುಖ ತಿಳಿಯಾಯಿತೆಂದು ಮನೆಯವರೆಲ್ಲ ಸಂತೋಷಪಟ್ಟರು. ಐದನೆಯ ತಿಂಗಳಿಗೆ ಕೊಯ್ಲಿಗೆಂದು ಗದ್ದೆಗೆ ಇಳಿದರೆ ಮುಖವೆಲ್ಲ ಉರಿ, ಕೆನ್ನೆಯ ಮೇಲೆ ಕೆಂಪು ನರಗಳ ಎಳೆ. ಮುಲಾಮನ್ನು ಬಿಟ್ಟರೆ ಉರಿ ಇನ್ನೂ ಹೆಚ್ಚು.

ಟ್ಯೂಬಿನ ಮೇಲೆ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ ಮೂರು ಔಷಧಗಳ ಹೆಸರಿತ್ತು: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಅದರ ಕೆಳಗೆ, ವೈದ್ಯರ ಚೀಟಿಯಿಲ್ಲದೆ ಮಾರಕೂಡದು ಎಂಬ ಸಾಲು. ಓದಿ ಹೇಳಿದೆವು. ಅವರ ಮುಖ ಸಣ್ಣದಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಈ ಬಣ್ಣ ಅನ್ನುವುದು ಬರುವುದು ಎಲ್ಲಿಂದ ಸಾರ್?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಆ ಮೂರು ಹೆಸರುಗಳ ಅರ್ಥವನ್ನು ಕೊನೆಗೆ ಹೇಳುತ್ತೇವೆ. ಅದು ತಿಳಿಯಬೇಕಾದರೆ ಚರ್ಮಕ್ಕೆ ಬಣ್ಣ ಏಕಿದೆ, ಅದರ ಕೆಲಸವೇನು ಎಂಬುದನ್ನು ಮೊದಲು ತಿಳಿಯಬೇಕು.

ಶಾಖ ಬೇರೆ, ಬಿಸಿಲು ಬೇರೆ

ಮದರಾಸಿನ ಸೆಖೆಯೇ ನಮ್ಮನ್ನು ಕಪ್ಪು ಮಾಡುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಭೂಪಟವನ್ನು ಬಿಡಿಸಿ ನೋಡಿ. ನಮ್ಮ ಮಾಧವರಂ, ಬೆಂಗಳೂರು, ಮಂಗಳೂರು ಮೂರೂ ಹೆಚ್ಚುಕಡಿಮೆ ಒಂದೇ ಗೆರೆಯ ಮೇಲಿವೆ. ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 13 ಡಿಗ್ರಿ. ಏಪ್ರಿಲ್ ಕೊನೆಯಲ್ಲೊಮ್ಮೆ, ಆಗಸ್ಟ್ ನಡುವಿನಲ್ಲೊಮ್ಮೆ ಮಧ್ಯಾಹ್ನದ ಸೂರ್ಯ ಈ ಮೂರು ಊರುಗಳಿಗೂ ನೆತ್ತಿಯ ಮೇಲೆಯೇ ಬರುತ್ತಾನೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವುದರಿಂದ ಅಲ್ಲಿ ಸೆಖೆ ಕಡಿಮೆ. ಆದರೆ ಎತ್ತರಕ್ಕೆ ಹೋದಷ್ಟೂ ಗಾಳಿಯ ಹೊದಿಕೆ ತೆಳುವಾಗುತ್ತದೆ. ಆದುದರಿಂದ ಮೋಡವಿಲ್ಲದ ದಿನ ಚರ್ಮವನ್ನು ಕಪ್ಪು ಮಾಡುವ ಕಿರಣಗಳು ಬೆಂಗಳೂರಿನಲ್ಲಿ ಇಲ್ಲಿಗಿಂತ ಕಡಿಮೆಯಿರುವುದಿಲ್ಲ. ತುಸು ಹೆಚ್ಚೇ ಇರಬಹುದು.

ಸೂರ್ಯನಿಂದ ಬರುವ ಕಿರಣಗಳಲ್ಲಿ ಕಣ್ಣಿಗೆ ಕಾಣುವ ಬೆಳಕುಂಟು. ಮೈಗೆ ಬಿಸಿ ತಾಕಿಸುವ ಕಿರಣಗಳುಂಟು. ಕಣ್ಣಿಗೂ ಕಾಣದ, ಮೈಗೂ ತಿಳಿಯದ ಅತಿನೇರಳೆ ಕಿರಣಗಳೂ ಉಂಟು. ಚರ್ಮವನ್ನು ಕಪ್ಪು ಮಾಡುವವು ಮುಖ್ಯವಾಗಿ ಈ ಮೂರನೆಯವು. ಇದಕ್ಕೆ ನಮ್ಮವರಲ್ಲೇ ಸಾಕ್ಷಿಯಿದೆ. ದೋಸೆಯ ಕಾವಲಿಯ ಮುಂದೆ ದಿನಕ್ಕೆ ಎಂಟು ಗಂಟೆ ನಿಲ್ಲುವ ಅಡಿಗೆಯವರು ಬೆವರಿನಲ್ಲಿ ತೊಯ್ದು ಹೋಗುತ್ತಾರೆ. ಆದರೆ ಒಲೆಯಿಂದ ಅತಿನೇರಳೆ ಕಿರಣ ಬರುವುದಿಲ್ಲ. ಬಿಸಿಲಿನಲ್ಲಿ ನಿಂತವರಂತೆ ಅವರ ಮೈ ಕಪ್ಪೇರುವುದಿಲ್ಲ. ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡುವವರಾದರೋ ನೆರಳಿನಲ್ಲೇ ನಿಂತಿದ್ದರೂ, ಅಂಗಿಯ ಕೊರಳು ತೆರೆದಿದ್ದರೆ ಸಂಜೆಯೊಳಗೆ ಅಲ್ಲಿ ಬಿಸಿಲು ಹೊಡೆದಂತೆ ಕೆಂಪಾಗುತ್ತದೆ. ವೆಲ್ಡಿಂಗಿನ ಕಿಡಿಯಲ್ಲಿ ಅತಿನೇರಳೆ ಕಿರಣ ಹೇರಳವಾಗಿರುವುದೇ ಅದಕ್ಕೆ ಕಾರಣ.

ಹೀಗಿರಲು ಇಲ್ಲಿಗೆ ಬಂದವರು ಕಪ್ಪಾಗುವುದು ಊರಿನ ದೋಷವಲ್ಲ, ಕೆಲಸದ ಫಲ. ಊರಿನಲ್ಲಿ ಅಂಗಡಿಯೊಳಗೆ ಕುಳಿತಿದ್ದವರು ಇಲ್ಲಿ ಲಾರಿಯ ಸರಕು ಇಳಿಸುತ್ತಾರೆ, ಸೈಕಲ್ ಮೇಲೆ ತಿರುಗುತ್ತಾರೆ, ಬಸ್ಸಿಗಾಗಿ ಬಿಸಿಲಿನಲ್ಲಿ ಕಾಯುತ್ತಾರೆ. ನಂಬಿಕೆಯಿಲ್ಲದವರು ತೋಳಿನ ಒಳಮಗ್ಗುಲನ್ನು, ಕಂಕುಳಿನ ಹತ್ತಿರ, ನೋಡಿಕೊಳ್ಳಲಿ. ಅಲ್ಲಿರುವುದು ತಂದೆತಾಯಿ ಕೊಟ್ಟ ಬಣ್ಣ. ಅದಕ್ಕೂ ಮುಂಗೈಗೂ ಇರುವ ಅಂತರವಷ್ಟೇ ಬಿಸಿಲು ಕೊಟ್ಟದ್ದು.

ಬಣ್ಣ ತಯಾರಾಗುವ ಬಗೆ

ಹೆಚ್ಚಿದ ಬದನೆಕಾಯಿಯನ್ನು, ಬಾಳೆಕಾಯಿಯನ್ನು ಅಡಿಗೆಯವರು ಕೂಡಲೇ ನೀರಿಗೆ ಹಾಕುತ್ತಾರೆ. ಇಲ್ಲವಾದರೆ ಅದು ಕಪ್ಪಾಗುತ್ತದೆ. ಕಾಯಿಯೊಳಗೆ ತಾಮ್ರದ ಅಂಶವುಳ್ಳ ಒಂದು ಕಿಣ್ವವಿದೆ. ಗಾಳಿ ತಾಕಿದೊಡನೆ ಅದು ಕಾಯಿಯ ರಸವನ್ನು ಕಪ್ಪು ಬಣ್ಣಕ್ಕೆ ತಿರುಗಿಸುತ್ತದೆ. ನಮ್ಮ ಚರ್ಮದಲ್ಲಿಯೂ ಅದೇ ಜಾತಿಯ, ತಾಮ್ರದ ಅಂಶವೇ ಉಳ್ಳ ಕಿಣ್ವವೊಂದಿದೆ. ಹೆಸರು ಟೈರೋಸಿನೇಸ್. ನಾವು ತಿನ್ನುವ ಬೇಳೆ, ಹಾಲು, ಮೀನುಗಳಿಂದ ದೊರೆಯುವ ಟೈರೋಸಿನ್ ಎಂಬ ವಸ್ತುವನ್ನು ಅದು ಹಂತಹಂತವಾಗಿ ಮೆಲನಿನ್ ಎಂಬ ವರ್ಣದ್ರವ್ಯವಾಗಿ ಮಾರ್ಪಡಿಸುತ್ತದೆ.

ಈ ಕೆಲಸ ನಡೆಯುವುದು ಹೊರಚರ್ಮದ ತಳದಲ್ಲಿರುವ ವಿಶೇಷ ಜೀವಕೋಶಗಳಲ್ಲಿ. ಅವನ್ನು ಬಣ್ಣದ ಕೋಶಗಳೆನ್ನೋಣ. ಒಂದೊಂದಕ್ಕೂ ಬೇರಿನಂತೆ ಹರಡಿದ ಕೈಗಳಿವೆ. ಆ ಕೈಗಳ ಮೂಲಕ ಒಂದು ಬಣ್ಣದ ಕೋಶವು ಸುತ್ತಲಿನ ಮೂವತ್ತು ನಲವತ್ತು ಚರ್ಮಕೋಶಗಳಿಗೆ ಮೆಲನಿನ್ ಕಣಗಳನ್ನು ಹಂಚುತ್ತದೆ. ಕಣಗಳನ್ನು ಪಡೆದ ಕೋಶವು ಅವನ್ನು ತನ್ನ ಕೇಂದ್ರದ ಮೇಲ್ಗಡೆ ಕೊಡೆಯಂತೆ ಜೋಡಿಸಿಕೊಳ್ಳುತ್ತದೆ. ಕೇಂದ್ರದಲ್ಲಿ ವಂಶವಾಹಿಗಳಿವೆ, ಅತಿನೇರಳೆ ಕಿರಣ ಅವನ್ನು ಹರಿದುಹಾಕಬಲ್ಲದು. ಮೆಲನಿನ್ ಆ ಕಿರಣವನ್ನು ಹೀರಿಕೊಂಡು ಬರಿಯ ಬಿಸಿಯನ್ನಾಗಿ ಮಾಡಿಬಿಡುತ್ತದೆ. ಬಿಸಿಲು ಹೆಚ್ಚಾದಾಗ ಚರ್ಮ ಕೊಡೆಯನ್ನು ಇನ್ನಷ್ಟು ದಪ್ಪ ಮಾಡುತ್ತದೆ. ನಾವು "ಕಪ್ಪಾದೆ" ಎಂದು ಕೊರಗುವುದು ಈ ರಕ್ಷಣೆಯ ಕೆಲಸವನ್ನು ಕಂಡು. ಹೊರಚರ್ಮ ಸುಮಾರು ಒಂದೆರಡು ತಿಂಗಳಿಗೊಮ್ಮೆ ಪೂರ್ತಿ ಹೊಸದಾಗುವುದರಿಂದ, ಬಿಸಿಲು ತಪ್ಪಿದರೆ ಆ ಹೆಚ್ಚಿನ ಕಪ್ಪೂ ತಾನಾಗಿ ಇಳಿಯುತ್ತದೆ.

ಇಲ್ಲಿ ಗಮನಿಸತಕ್ಕ ಒಂದು ವಿಷಯವಿದೆ. ಆಫ್ರಿಕದವರಿರಲಿ, ಇಂಗ್ಲೆಂಡಿನವರಿರಲಿ, ನಾವೇ ಇರಲಿ, ಬಣ್ಣದ ಕೋಶಗಳ ಸಂಖ್ಯೆ ಎಲ್ಲರಲ್ಲಿಯೂ ಹೆಚ್ಚುಕಡಿಮೆ ಒಂದೇ. ಕಣಗಳು ಎಷ್ಟು, ಎಷ್ಟು ದೊಡ್ಡವು, ಎಷ್ಟು ಕಪ್ಪು ಎಂಬುದರಲ್ಲಿ ಮಾತ್ರ ಭೇದ.

ಕೆಲವರಲ್ಲಿ ಶರೀರದ ರಕ್ಷಣಾ ವ್ಯವಸ್ಥೆಯೇ ತಪ್ಪಿ ಈ ಕೋಶಗಳನ್ನು ಅಲ್ಲಲ್ಲಿ ನಾಶಮಾಡುತ್ತದೆ. ಅಲ್ಲಿ ಚರ್ಮ ಬೆಳ್ಳಗಾಗುತ್ತದೆ. ಇದೇ ತೊನ್ನು. ಇದಕ್ಕೂ ಕುಷ್ಠಕ್ಕೂ ಯಾವ ಸಂಬಂಧವೂ ಇಲ್ಲ. ಮುಟ್ಟಿದರೆ, ಜೊತೆಗೆ ಉಂಡರೆ, ಒಂದೇ ಕೋಣೆಯಲ್ಲಿ ಮಲಗಿದರೆ ಅಂಟುವುದೂ ಇಲ್ಲ. ತಮಿಳಿನಲ್ಲಿ ಇದಕ್ಕಿದ್ದ 'ವೆಣ್ ಕುಷ್ಟಂ' ಎಂಬ ಹೆಸರನ್ನು ಬಿಟ್ಟು 'ವೆಣ್ ಪುಳ್ಳಿ', ಅಂದರೆ ಬಿಳಿ ಚುಕ್ಕೆ, ಎಂಬ ಹೆಸರನ್ನು ಬಳಕೆಗೆ ತಂದಿರುವುದು ಈ ಕಾರಣದಿಂದಲೇ. ಕೈಯಲ್ಲಿ ತೊನ್ನು ಕಂಡಿತೆಂದು ಬಡಿಸುವವರನ್ನು ಒಳಕ್ಕೆ ಕಳುಹಿಸುವ ಪದ್ಧತಿ ನಮ್ಮ ಹೋಟೆಲುಗಳಲ್ಲಿ ಇನ್ನೂ ಅಲ್ಲಲ್ಲಿ ಉಳಿದಿದ್ದರೆ ಅದು ಬರಿಯ ಅಜ್ಞಾನ.

ಹಾಲಿನ ಕಾಲೊನಿಯ ಪಾಠ

ಮಾಧವರಂ ಎಂದರೆ ಚೆನ್ನೈನವರಿಗೆ ಹಾಲಿನ ಕಾಲೊನಿ ನೆನಪಾಗುತ್ತದೆ; ಪಶುವೈದ್ಯ ವಿಶ್ವವಿದ್ಯಾಲಯವೂ ಅಲ್ಲಿಯೇ ಇದೆ. ಮೈಬಣ್ಣದ ಪಾಠಕ್ಕೆ ಹಸುಗಳಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ನಮ್ಮ ಹಳ್ಳಿಕಾರ್ ಎತ್ತನ್ನೋ ಆಂಧ್ರದ ಓಂಗೋಲು ಎತ್ತನ್ನೋ ನೆನೆದುಕೊಳ್ಳಿ. ಕೂದಲು ಬೂದು ಇಲ್ಲವೇ ಬಿಳಿ. ಆದರೆ ಮೂಗಿನ ತುದಿಯನ್ನು, ಕಣ್ಣಿನ ರೆಪ್ಪೆಯನ್ನು ನೋಡಿದರೆ ಅಚ್ಚ ಕಪ್ಪು. ಕೂದಲ ಕೆಳಗಿನ ಚರ್ಮವೂ ಕಪ್ಪೇ. ಬಿಳಿ ಕೂದಲು ಬಿಸಿಯನ್ನು ಹಿಂದಕ್ಕೆ ಕಳುಹಿಸುತ್ತದೆ, ಕಪ್ಪು ಚರ್ಮ ಅತಿನೇರಳೆ ಕಿರಣವನ್ನು ತಡೆಯುತ್ತದೆ. ಉಷ್ಣದೇಶಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಚಳಿದೇಶದಿಂದ ಬಂದ ಹೋಲ್‌ಸ್ಟೀನ್ ಹಸುವಿನ ಬಿಳಿ ಮಚ್ಚೆಗಳ ಕೆಳಗಾದರೋ ಚರ್ಮ ನಸುಗೆಂಪು. ಕಡು ಬಿಸಿಲಿನಲ್ಲಿ ಬಿಟ್ಟರೆ ಆ ಭಾಗ ಸುಡುತ್ತದೆ.

ಮನುಷ್ಯನ ಕಥೆ ಇದಕ್ಕೆ ವಿರುದ್ಧವಾಗಿ ಆರಂಭವಾಯಿತು. ನಮ್ಮ ಹತ್ತಿರದ ಬಂಧುವಾದ ಚಿಂಪಾಂಜಿಯ ಕೂದಲು ಕಪ್ಪು, ಅದರ ಕೆಳಗಿನ ಚರ್ಮ ಬಿಳಿಚು. ನಮ್ಮ ಪ್ರಾಚೀನ ಪೂರ್ವಜರೂ ಹಾಗೆಯೇ ಇದ್ದರೆಂದು ವಿಜ್ಞಾನಿಗಳ ಅಭಿಪ್ರಾಯ. ಕಾಡಿನ ನೆರಳನ್ನು ಬಿಟ್ಟು ಆಫ್ರಿಕದ ಬಯಲಿನಲ್ಲಿ ಬಹುದೂರ ನಡೆಯಬೇಕಾಗಿ ಬಂದಾಗ ಮೈ ತಂಪಾಗಲು ಬೆವರು ಬೇಕಾಯಿತು. ಬೆವರು ಬೇಗ ಆರಲು ಕೂದಲು ಉದುರಬೇಕಾಯಿತು. ಕೂದಲು ಹೋದ ಮೇಲೆ ಬರಿಯ ಚರ್ಮಕ್ಕೆ ಬಿಸಿಲು ನೇರವಾಗಿ ತಾಕಿತು. ಆಗ ಕಪ್ಪು ಚರ್ಮ ಉಳ್ಳವರ ಸಂತಾನವೇ ಹೆಚ್ಚಾಗಿ ಉಳಿಯಿತು. ಬಣ್ಣಕ್ಕೆ ಸಂಬಂಧಿಸಿದ ಒಂದು ವಂಶವಾಹಿಯನ್ನು ಪರೀಕ್ಷಿಸಿ 2004ರಲ್ಲಿ ಹಾಕಿದ ಲೆಕ್ಕದಂತೆ, ಸುಮಾರು 12 ಲಕ್ಷ ವರ್ಷಗಳಷ್ಟು ಹಿಂದೆಯೇ ನಮ್ಮ ಪೂರ್ವಜರು ಕಪ್ಪಾಗಿದ್ದರು. ಇಂದು ಭೂಮಿಯ ಮೇಲಿರುವ ಬಿಳಿಯರೂ ಕರಿಯರೂ ಎಲ್ಲರೂ ಆ ಕಪ್ಪು ಜನರ ಮೊಮ್ಮಕ್ಕಳೇ.

ಕಪ್ಪಿನಿಂದ ಏನು ಉಪಯೋಗ?

ಕಪ್ಪು ಚರ್ಮದವರಿಗೆ ಚರ್ಮದ ಕ್ಯಾನ್ಸರ್ ಬಹಳ ಕಡಿಮೆ. ಆದರೆ ಆ ಕ್ಯಾನ್ಸರ್ ಸಾಮಾನ್ಯವಾಗಿ ಬರುವುದು ವಯಸ್ಸಾದ ಮೇಲೆ, ಮಕ್ಕಳು ಹುಟ್ಟಿ ಬೆಳೆದ ಮೇಲೆ. ನಿಸರ್ಗದ ಆಯ್ಕೆ ನಡೆಯುವುದು ಯಾರಿಗೆ ಎಷ್ಟು ಮಕ್ಕಳು ಉಳಿದರು ಎಂಬುದರ ಮೇಲೆ. ಆದುದರಿಂದ ಬೇರೊಂದು ಕಾರಣ ಬೇಕಾಗಿತ್ತು. ಆ ಕಾರಣದ ಒಂದು ತುದಿ ನಮ್ಮ ದೇಶದ ಕೂಲಿಕಾರರ ಮನೆಯಲ್ಲೇ ಸಿಕ್ಕಿತೆಂಬುದು ಸ್ವಾರಸ್ಯಕರವಾದ ಸಂಗತಿ.

1928ರ ಸುಮಾರಿಗೆ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದರು. ಅಲ್ಲಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಹೆಂಗಸರಿಗೆ ಬಸುರಿನಲ್ಲಿ ರಕ್ತ ಕಡಿಮೆಯಾಗಿ ಪ್ರಾಣಾಪಾಯವಾಗುತ್ತಿತ್ತು. ಹುದುಗಿನ ಸಾರವನ್ನು ಕೊಟ್ಟರೆ ಅದು ಗುಣವಾಗುತ್ತದೆಂದು ಆಕೆ ಕಂಡುಹಿಡಿದು 1931ರಲ್ಲಿ ಪ್ರಕಟಿಸಿದರು. ಹುದುಗಿನಲ್ಲಿದ್ದ ಆ ಗುಣಕಾರಿ ವಸ್ತುವೇ ಫೋಲೇಟ್. 1941ರಲ್ಲಿ ಅದನ್ನು ಸೊಪ್ಪಿನಿಂದ ಬೇರ್ಪಡಿಸಿ, ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಹೆಸರಿಟ್ಟರು. ಗರ್ಭದ ಮೊದಲ ವಾರಗಳಲ್ಲಿ ಫೋಲೇಟ್ ಸಾಲದಿದ್ದರೆ ಮಗುವಿನ ಮಿದುಳು, ಬೆನ್ನುಹುರಿ ಸರಿಯಾಗಿ ಕೂಡಿಕೊಳ್ಳುವುದಿಲ್ಲವೆಂದು ಮುಂದೆ ತಿಳಿಯಿತು. ಗಂಡಸಿನ ವೀರ್ಯ ತಯಾರಾಗುವುದಕ್ಕೂ ಅದು ಬೇಕು.

1978ರಲ್ಲಿ ಬ್ರಾಂಡಾ ಮತ್ತು ಈಟನ್ ಎಂಬ ಅಮೆರಿಕದ ವೈದ್ಯರು ಇನ್ನೊಂದು ತುದಿಯನ್ನು ಹಿಡಿದರು. ರಕ್ತದ ದ್ರವಕ್ಕೆ ಬಿಸಿಲಿನಂಥ ಬೆಳಕನ್ನು ಹಾಯಿಸಿದರೆ ಅದರಲ್ಲಿಯ ಫೋಲೇಟ್ ನಾಶವಾಗುತ್ತದೆಂದು ತೋರಿಸಿದರು. ಎರಡು ತುದಿಗಳನ್ನೂ ಕೂಡಿಸಿದವರು ನೀನಾ ಜಬ್ಲಾನ್ಸ್ಕಿ ಮತ್ತು ಜಾರ್ಜ್ ಚಾಪ್ಲಿನ್ ದಂಪತಿಗಳು. ಉಪಗ್ರಹದಿಂದ ಅಳೆದ ಅತಿನೇರಳೆ ಕಿರಣದ ನಕ್ಷೆಯನ್ನು ಪ್ರಪಂಚದ ಮೂಲನಿವಾಸಿಗಳ ಮೈಬಣ್ಣದ ಅಳತೆಗಳೊಡನೆ ಹೋಲಿಸಿ 2000ದಲ್ಲಿ ಅವರು ಪ್ರಬಂಧ ಬರೆದರು. ಕಿರಣ ಹೆಚ್ಚಿರುವಲ್ಲಿ ಚರ್ಮ ಕಪ್ಪು, ಕಡಿಮೆಯಿರುವಲ್ಲಿ ಬಿಳಿ ಎಂಬ ಹೊಂದಿಕೆ ಎದ್ದು ಕಾಣುತ್ತಿತ್ತು. ಚರ್ಮದಲ್ಲಿ ಹರಿಯುವ ರಕ್ತದ ಫೋಲೇಟನ್ನು, ಆ ಮೂಲಕ ಹುಟ್ಟಲಿರುವ ಮಗುವನ್ನು, ಕಾಯುವುದೇ ಕಪ್ಪಿನ ಮುಖ್ಯ ಕೆಲಸವೆಂಬುದು ಅವರ ವಾದ. ಎಲ್ಲ ವಿಜ್ಞಾನಿಗಳೂ ಇದನ್ನೇ ಏಕಮಾತ್ರ ಕಾರಣವೆಂದು ಒಪ್ಪುವುದಿಲ್ಲವಾದರೂ ಇಂದು ಹೆಚ್ಚು ಮನ್ನಣೆ ಪಡೆದಿರುವ ವಿವರಣೆ ಇದೇ.

ಹಾಗಾದರೆ ಬಿಳುಪು ಏಕೆ?

ಕೊಡೆ ಒಳ್ಳೆಯದೇ ಸರಿ. ಆದರೆ ಬಿಸಿಲೇ ಇಲ್ಲದ ಊರಿನಲ್ಲಿ ಸದಾ ಕೊಡೆ ಹಿಡಿದು ನಡೆದರೆ? ಅತಿನೇರಳೆ ಕಿರಣದಿಂದ ಒಂದು ಉಪಕಾರವೂ ಉಂಟು. ಅದು ಚರ್ಮದಲ್ಲಿಯ ಕೊಬ್ಬಿನಂಥ ಒಂದು ವಸ್ತುವನ್ನು ಡಿ ಜೀವಸತ್ವವಾಗಿ ಮಾರ್ಪಡಿಸುತ್ತದೆ. ಆ ಜೀವಸತ್ವವಿಲ್ಲದಿದ್ದರೆ ತಿಂದ ಸುಣ್ಣದಂಶ ಮೂಳೆಗೆ ಸೇರದು. ಮಕ್ಕಳ ಕಾಲು ಬಿಲ್ಲಿನಂತೆ ಬಾಗುತ್ತದೆ. ಹೆಣ್ಣುಮಕ್ಕಳ ಸೊಂಟದ ಮೂಳೆ ಸೊಟ್ಟಗಾದರೆ ಮುಂದೆ ಹೆರಿಗೆಯೇ ಕಷ್ಟ. ಇಂಗ್ಲೆಂಡಿನ ಕಾರ್ಖಾನೆಯ ಪಟ್ಟಣಗಳಲ್ಲಿ, ಹೊಗೆ ಕವಿದ ಓಣಿಗಳಲ್ಲಿ, ಹತ್ತೊಂಬತ್ತನೆಯ ಶತಮಾನದ ಕಾರ್ಮಿಕರ ಮಕ್ಕಳು ಈ ರಿಕೆಟ್ಸ್ ರೋಗದಿಂದ ನರಳಿದರು. ಲಂಡನ್ ಇರುವುದು 51 ಡಿಗ್ರಿಗೂ ಉತ್ತರಕ್ಕೆ. ಅಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಸೂರ್ಯ ಕಾಣಿಸಿಕೊಂಡರೂ, ಡಿ ಜೀವಸತ್ವವನ್ನು ಉಂಟುಮಾಡುವ ಕಿರಣ ಸಾಕಷ್ಟು ನೆಲಕ್ಕೆ ಮುಟ್ಟುವುದಿಲ್ಲ.

ಆಫ್ರಿಕದಿಂದ ಉತ್ತರಕ್ಕೆ ಹೋದ ಜನರಲ್ಲಿ ಕಪ್ಪು ಕಡಿಮೆಯಾದವರಿಗೆ ಅನುಕೂಲವಾದುದು ಹೀಗೆ. ಇದು ಬೇಗ ನಡೆದ ಕೆಲಸವಲ್ಲ. ಇಂಗ್ಲೆಂಡಿನ ಚೆಡ್ಡರ್ ಎಂಬಲ್ಲಿಯ ಗುಹೆಯಲ್ಲಿ ಸಿಕ್ಕಿದ, ಸುಮಾರು 10,000 ವರ್ಷ ಹಳೆಯ ಅಸ್ಥಿಪಂಜರದ ವಂಶವಾಹಿಗಳನ್ನು ಪರೀಕ್ಷಿಸಿದಾಗ, ಆ ಮನುಷ್ಯನ ಚರ್ಮ ಕಡುಕಂದು ಅಥವಾ ಕಪ್ಪಾಗಿದ್ದಿರಬೇಕೆಂದು 2018ರಲ್ಲಿ ಸಾರಿದರು. ಹಿಮಪ್ರದೇಶದ ಎಸ್ಕಿಮೊ ಜನ ಅಷ್ಟು ಉತ್ತರದಲ್ಲಿದ್ದೂ ಅಷ್ಟೇನೂ ಬೆಳ್ಳಗಿಲ್ಲ. ಮೀನು, ಸೀಲ್ ಮೊದಲಾದ ಕಡಲಪ್ರಾಣಿಗಳ ಕೊಬ್ಬಿನಿಂದಲೇ ಅವರಿಗೆ ಡಿ ಜೀವಸತ್ವ ಸಿಗುತ್ತದೆ. ಹೀಗೆ ಬಣ್ಣವೆಂಬುದು ಎರಡು ಅಗತ್ಯಗಳ ನಡುವಿನ ತೂಕ: ಫೋಲೇಟನ್ನು ಉಳಿಸಿಕೊಳ್ಳಬೇಕು, ಡಿ ಜೀವಸತ್ವವನ್ನು ಪಡೆಯಬೇಕು. ಯಾವ ಬಿಸಿಲಿಗೆ ಯಾವುದು ಸರಿಹೊಂದಿತೋ ಆ ಬಣ್ಣ ಅಲ್ಲಿ ನಿಂತಿತು. ಮೇಲುಕೀಳಿನ ಮಾತಿಗೆ ಇದರಲ್ಲಿ ಎಡೆಯೇ ಇಲ್ಲ.

ಒಂದೇ ಮನೆಯಲ್ಲಿ ಎರಡು ಬಣ್ಣ

ಇಷ್ಟು ಕೇಳಿದ ಮೇಲೆ ವಾಚಕರು ಕೇಳಬಹುದು: ಹಾಗಾದರೆ ಒಂದೇ ಬಿಸಿಲಿನ ಒಂದೇ ಊರಿನಲ್ಲಿ, ಒಂದೇ ತಾಯಿಯ ಮಕ್ಕಳಲ್ಲಿ, ಅಣ್ಣ ಕೆಂಪಗೆ ತಂಗಿ ಕಪ್ಪಗೆ ಏಕೆ? ಇದಕ್ಕೆ ಉತ್ತರದ ಒಂದು ಭಾಗ ಮೀನಿನಿಂದ ಬಂತು. ನಮ್ಮ ದೇಶದ ಹೊಳೆಗಳಲ್ಲಿರುವ ಪಟ್ಟೆಪಟ್ಟೆಯ ಪುಟ್ಟ ಜೀಬ್ರಾಮೀನಿನಲ್ಲಿ ತೆಳುಬಣ್ಣದ ಒಂದು ಬಗೆಯಿದೆ. ಅದರ ಕಾರಣವನ್ನು ಹುಡುಕುತ್ತಿದ್ದ ಅಮೆರಿಕದ ಕೀತ್ ಚೆಂಗ್ ಮತ್ತು ಸಂಗಡಿಗರು 2005ರಲ್ಲಿ ಎಸ್‌ಎಲ್‌ಸಿ24ಎ5 ಎಂಬ ವಂಶವಾಹಿಯನ್ನು ಗುರುತಿಸಿದರು. ಮನುಷ್ಯನಲ್ಲಿಯೂ ಅದು ಇದೆ. ಅದರಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಮೆಲನಿನ್ ಕಡಿಮೆಯಾಗುತ್ತದೆ. ಯುರೋಪಿನವರಲ್ಲಿ ಬಹುಮಟ್ಟಿಗೆ ಎಲ್ಲರಲ್ಲೂ ಈ ಬದಲಾದ ಅಕ್ಷರವೇ ಇದೆ. ಚೀನಾ ಜಪಾನುಗಳವರ ತಿಳಿಬಣ್ಣಕ್ಕೆ ಇದು ಕಾರಣವಲ್ಲ. ಅಲ್ಲಿ ಬೇರೆ ವಂಶವಾಹಿಗಳು ಕೆಲಸ ಮಾಡಿವೆ.

ನಮ್ಮ ವಿಷಯವೇನು? ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ ತಂಗರಾಜ್ ಮೊದಲಾದವರು ಎಸ್ಟೋನಿಯ ದೇಶದ ವಿಜ್ಞಾನಿಗಳೊಡನೆ ಸೇರಿ 2013ರಲ್ಲಿ ಒಂದು ಸಂಶೋಧನೆಯನ್ನು ಪ್ರಕಟಿಸಿದರು. ದಕ್ಷಿಣ ಭಾಗದ 1,228 ಜನರ ಮೈಬಣ್ಣವನ್ನು ಉಪಕರಣದಿಂದ ಅಳೆದರು. ಅವರ ನಡುವಿನ ಬಣ್ಣದ ವ್ಯತ್ಯಾಸದಲ್ಲಿ ನೂರಕ್ಕೆ ಸುಮಾರು 27 ಪಾಲಿಗೆ ಈ ಒಂದು ಅಕ್ಷರವೇ ಕಾರಣವೆಂದು ಕಂಡುಬಂತು. 54 ಸಮುದಾಯಗಳ 1,573 ಜನರನ್ನು ಪರೀಕ್ಷಿಸಲಾಗಿ, ಬದಲಾದ ಅಕ್ಷರ ಎಲ್ಲ ಕಡೆಯೂ ಹರಡಿದೆ, ಆದರೆ ಪ್ರಮಾಣ ಮಾತ್ರ ಬೇರೆಬೇರೆ ಎಂದು ತಿಳಿಯಿತು. ನಮ್ಮಲ್ಲಿರುವುದೂ ಯುರೋಪಿನಲ್ಲಿರುವುದೂ ಒಂದೇ ಮೂಲದ್ದು. ವಯಸ್ಸು 22ರಿಂದ 28 ಸಾವಿರ ವರ್ಷ. ಉತ್ತರ ಭಾರತದಲ್ಲಿ ನಿಸರ್ಗವು ಅದನ್ನು ಆರಿಸಿ ಹೆಚ್ಚಿಸಿದ ಕುರುಹಿದೆ, ದಕ್ಷಿಣದಲ್ಲಿ ಆ ಕುರುಹಿಲ್ಲ. ಅಂದರೆ ನಮ್ಮ ಕಡೆ ಈ ಬದಲಾವಣೆ ಹರಡಿದುದು ಬಿಸಿಲಿನ ಅಗತ್ಯದಿಂದಲ್ಲ. ಜನ ವಲಸೆ ಬಂದು, ಕೂಡಿ ಬೆರೆತುದರಿಂದ. ವಲಸೆ ಬಂದವರಾದ ನಮಗೆ ಇದು ಹೊಸ ಮಾತೇನಲ್ಲ.

ಉಳಿದ ಪಾಲು ಇತರ ಅನೇಕ ವಂಶವಾಹಿಗಳಿಗೂ ಬಿಸಿಲಿಗೂ ಸೇರಿದುದು. ಪ್ರತಿ ಮಗುವೂ ತಂದೆಯ ಇಸ್ಪೀಟು ಕಟ್ಟಿನಿಂದ ಅರ್ಧ, ತಾಯಿಯ ಕಟ್ಟಿನಿಂದ ಅರ್ಧ ಎಲೆಗಳನ್ನು ಪಡೆಯುತ್ತದೆ. ಯಾವ ಅರ್ಧವೆಂಬುದು ಕಲೆಸಿ ಹಂಚಿದಂತೆ. ಅಣ್ಣನಿಗೆ ಬಂದ ಎಲೆ ತಂಗಿಗೆ ಬರಲಿಲ್ಲ, ಅಷ್ಟೆ. ಬಸುರಿಯರು ಕೇಸರಿ ಹಾಲು ಕುಡಿದರೂ ಈ ಹಂಚಿಕೆ ಬದಲಾಗದು.

ಕೆಲವು ಶತಮಾನಗಳ ವಾಸದಿಂದಲೂ ಬದಲಾಗದು. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಅಂಕೋಲಾಗಳ ಕಾಡಿನ ಅಂಚಿನಲ್ಲಿ ಸಿದ್ದಿಯರಿದ್ದಾರೆ. ಅವರ ಪೂರ್ವಜರನ್ನು ಪೋರ್ಚುಗೀಸರು ಮೊದಲಾದವರು ಆಫ್ರಿಕದಿಂದ ತಂದರು. ಇಂದು ಅವರು ಕೊಂಕಣಿ, ಕನ್ನಡ ಆಡುವ ನಮ್ಮ ನಾಡಿನವರೇ. ಮಲೆನಾಡಿನ ಮಳೆ ಬಿಸಿಲು ಅವರಿಗೂ ನೆರೆಯವರಿಗೂ ಒಂದೇ. ಆದರೂ ಬಣ್ಣ ಬೇರೆ. ಏಕೆಂದರೆ ಬಣ್ಣ ಹೇಳುವುದು ಇಂದಿನ ವಿಳಾಸವನ್ನಲ್ಲ, ಸಾವಿರಾರು ವರ್ಷ ಹಿಂದಿನ ವಿಳಾಸವನ್ನು.

ಟ್ಯೂಬಿನ ಮೂರು ಹೆಸರುಗಳು

ಈಗ ಮೊದಲಿನ ಮಾತಿಗೆ ಬರೋಣ. ಹೈಡ್ರೋಕ್ವಿನೋನ್ ಎಂಬುದು ಟೈರೋಸಿನೇಸ್ ಕಿಣ್ವವನ್ನು ತಡೆಯುತ್ತದೆ. ಕೊಡೆಯೇ ತಯಾರಾಗದಂತೆ ಮಾಡುತ್ತದೆ. ಟ್ರೆಟಿನಾಯಿನ್ ಮೇಲಿನ ಪದರವನ್ನು ಬೇಗ ಉದುರಿಸುತ್ತದೆ. ಮೊಮೆಟಾಸೋನ್ ಒಂದು ಸ್ಟಿರಾಯ್ಡ್. ಅದು ಉರಿಯನ್ನು ಅಡಗಿಸುತ್ತದೆ, ಜೊತೆಗೆ ಚರ್ಮವನ್ನು ತೆಳುವು ಮಾಡುತ್ತದೆ. ಬಂಗು ಎದ್ದವರಿಗೆ ವೈದ್ಯರು ಕೆಲವೇ ವಾರಗಳ ಮಟ್ಟಿಗೆ ಇದನ್ನು ಕೊಡುವುದುಂಟು. ತಿಂಗಳುಗಟ್ಟಲೆ ಹಚ್ಚಿದರೆ ಆಗುವುದೇನು? ಕೊಡೆಯೂ ಇಲ್ಲ, ಮಾಡೂ ತೆಳು. ಅಂಥ ಮುಖವನ್ನು 13 ಡಿಗ್ರಿಯ ಬಿಸಿಲಿಗೆ ಒಡ್ಡಿದರೆ ಉರಿಯದೆ ಇರುವುದೆಂತು? ನರದ ಎಳೆಗಳು, ಮೊಡವೆ, ಮುಖದಲ್ಲಿ ಕೂದಲು ಇವೆಲ್ಲ ಅದರ ಫಲವೇ. ಒಮ್ಮೆಲೆ ಬಿಟ್ಟರೆ ಅಡಗಿದ್ದ ಉರಿ ಎದ್ದು ಬರುತ್ತದೆ. ಇಂಥ ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮವನ್ನು ಬಿಗಿ ಮಾಡಿತು. ಹೆಸರೇ ಇಲ್ಲದ ಡಬ್ಬಿಗಳಲ್ಲಿ ಮಾರುವ ಕೆಲವು ಬಿಳುಪಿನ ಲೇಪಗಳಲ್ಲಿ ಪಾದರಸವೂ ಇರುವುದುಂಟು. ಅದು ಚರ್ಮದ ಮೂಲಕ ಒಳಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಪ್ರಸಿದ್ಧವಾದ 'ಫೇರ್ ಅಂಡ್ ಲವ್ಲಿ' ಎಂಬ ಕ್ರೀಮಿನ ತಯಾರಕರೇ 2020ರಲ್ಲಿ ಹೆಸರಿನಿಂದ 'ಫೇರ್' ಎಂಬ ಪದವನ್ನು ಕೈಬಿಟ್ಟರು.

ಇಂಥ ತೊಂದರೆಗೆ ಸಿಕ್ಕಿದವರು ತಾವೇ ಮುಲಾಮನ್ನು ಬದಲಿಸುತ್ತ ಹೋಗದೆ ಚರ್ಮವೈದ್ಯರಿಗೆ ತೋರಿಸಬೇಕು. ನಮ್ಮ ಉತ್ತರ ಚೆನ್ನೈನ ಸ್ಟಾನ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮರೋಗದ ವಿಭಾಗವಿದೆ. ಹೋಗುವಾಗ ಟ್ಯೂಬನ್ನು ಒಯ್ಯಲು ಮರೆಯಬೇಡಿ.

ಇನ್ನು ನಮ್ಮ ದಿನದ ಬಾಳಿಗೆ ಒಂದೆರಡು ಮಾತು. ಬಿಸಿಲಿನಲ್ಲಿ ದುಡಿಯುವವರು ಕಪ್ಪಾಗುವುದಕ್ಕೆ ಹೆದರಬೇಕಾಗಿಲ್ಲ. ಆದರೆ ಕಪ್ಪು ಚರ್ಮವೂ ಪೂರ್ತಿ ಕವಚವಲ್ಲ. ತಲೆಗೆ ಟವಲು, ಮೈಗೆ ತುಂಬುತೋಳಿನ ಹತ್ತಿ ಅಂಗಿ ಇರಲಿ. ಬೆಳಗಿನಿಂದ ಸಂಜೆಯವರೆಗೆ ಕಚೇರಿಯಲ್ಲಿ ಕೂಡುವ ಗುಮಾಸ್ತರ ತೊಂದರೆ ಇದಕ್ಕೆ ವಿರುದ್ಧವಾದುದು. ನಮ್ಮ ಚರ್ಮಕ್ಕೆ ಡಿ ಜೀವಸತ್ವ ತಯಾರಿಸಲು ಬಿಳಿಯರಿಗಿಂತ ಹೆಚ್ಚು ಹೊತ್ತಿನ ಬಿಸಿಲು ಬೇಕು. ಕಿಟಕಿಯ ಗಾಜಿನೊಳಗಿಂದ ಬರುವ ಬಿಸಿಲು ಇದಕ್ಕೆ ಬಾರದು. ಬೇಕಾದ ಕಿರಣವನ್ನು ಗಾಜು ತಡೆದುಬಿಡುತ್ತದೆ. ಆದುದರಿಂದ ಊಟದ ಬಿಡುವಿನಲ್ಲಿ ಸ್ವಲ್ಪ ಹೊತ್ತು ಹೊರಗೆ ನಡೆಯಿರಿ, ಮಕ್ಕಳನ್ನು ಬಯಲಿನಲ್ಲಿ ಆಡಲು ಬಿಡಿ, ಕಪ್ಪಾಗುತ್ತಾರೆಂದು ಕೂಗಿ ಒಳಗೆ ಕರೆಯಬೇಡಿ. ಮನೆಯಲ್ಲಿ ಬಸುರಿಯರಿದ್ದರೆ ಸೊಪ್ಪಿನ ಸಾರು ದಿನವೂ ಇರಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ತಪ್ಪಿಸಬಾರದು.

ಆ ಕುಂದಾಪುರದ ಮಿತ್ರರು ಅಂದು ರಾತ್ರಿಯೇ ತಂಗಿಗೆ ಫೋನು ಮಾಡಿದರು. ಆಕೆ ವೈದ್ಯರಿಗೆ ತೋರಿಸಿದಳು. ಅವರು ಹೇಳಿದ ಕ್ರಮದಲ್ಲಿ ಮುಲಾಮನ್ನು ಬಿಟ್ಟು ಮೂರು ತಿಂಗಳ ಮೇಲಾಯಿತು. ಕಳೆದ ವಾರ ವಾಚನಾಲಯಕ್ಕೆ ಬಂದವರು, "ಉರಿ ನಿಂತಿದೆ ಸಾರ್. ಬಣ್ಣ ಮೊದಲು ಇದ್ದ ಹಾಗೇ ಆಯಿತು" ಎಂದರು. ಹೇಳುವಾಗ ಅವರ ದನಿಯಲ್ಲಿ ಬೇಸರವಿರಲಿಲ್ಲ. ಟ್ಯೂಬಿಗೆ ಕೊಡುತ್ತಿದ್ದ ದುಡ್ಡನ್ನು ಈಗ ತಂಗಿಯ ಹೊಲಿಗೆಯ ಕ್ಲಾಸಿಗೆ ಕಳುಹಿಸುತ್ತಿದ್ದಾರಂತೆ.

ಔಷಧದ ಚೀಟಿ, ಡಬ್ಬಿ, ಟ್ಯೂಬುಗಳ ಮೇಲಿನ ಬರಹ ತಿಳಿಯದೆ ಹೋದರೆ ಯಾರೂ ಸಂಕೋಚಪಡದೆ ಸಂಜೆ ವಾಚನಾಲಯಕ್ಕೆ ತರಬಹುದು. ಓದಿ ಹೇಳುವವರು ಇಲ್ಲಿ ಒಬ್ಬರಲ್ಲ ಒಬ್ಬರು ಇದ್ದೇ ಇರುತ್ತಾರೆ.